ಐಎಲ್-6 ಹನ್ನೊಂದಾದರೆ ಹೆದರಬೇಕೇ? ಉರಿಯೂತದ ರಕ್ತಪರೀಕ್ಷೆಗಳ ಪ್ರಶ್ನೋತ್ತರ

ಈ ಸಲದ ಪ್ರಶ್ನೆಗಳೆಲ್ಲ ಉರಿಯೂತದ ರಕ್ತಪರೀಕ್ಷೆಗಳ ಸುತ್ತಲಿನವು. ಇವುಗಳಲ್ಲಿ ಸಿಆರ್‌ಪಿ (ಉರಿಯೂತವಿದ್ದಾಗ ಯಕೃತ್ತು ರಕ್ತಕ್ಕೆ ಬಿಡುವ ಪ್ರೋಟೀನ್), ಇಎಸ್‌ಆರ್ (ಕೆಂಪು ಕಣಗಳು ಕೆಳಗಿಳಿಯುವ ವೇಗ) ಹಳೆಯ ಪರಿಚಯ. ಐಎಲ್-6, ಟಿಎನ್‌ಎಫ್ ಮುಂತಾದ ಸೈಟೊಕೈನ್‌ಗಳು ಮಾತ್ರ ಸಾಮಾನ್ಯರ ರಿಪೋರ್ಟಿಗೆ ಈಚೆಗೆ ಬಂದು ಸೇರಿದವು. ಕೋವಿಡ್ ಕಾಲದಲ್ಲಿ ‘ಸೈಟೊಕೈನ್ ಬಿರುಗಾಳಿ’ ಎಂಬುದು ಮನೆಮಾತಾದ ಮೇಲಂತೂ ಈ ಅಂಕಿಗಳನ್ನು ಕಂಡು ನಿದ್ದೆಗೆಡುವವರು ಹೆಚ್ಚಿದ್ದಾರೆ.

ಪ್ರಶ್ನೆ: ಒಂದು ತಿಂಗಳಿಂದ ಸುಸ್ತು, ಮೈಕೈ ನೋವು. ನಾನೇ ಹೋಗಿ ‘ಸೈಟೊಕೈನ್ ಪ್ಯಾನೆಲ್’ ಮಾಡಿಸಿದೆ. ಐಎಲ್-6 11 ಪಿಕೊಗ್ರಾಂ ಬಂದಿದೆ, ಪಕ್ಕದಲ್ಲಿ ‘7ಕ್ಕಿಂತ ಕಡಿಮೆ ಇರಬೇಕು’ ಎಂದಿದೆ. ಟಿಎನ್‌ಎಫ್ ನಾರ್ಮಲ್, ಸಿಆರ್‌ಪಿ 2. ಮೈಯೊಳಗೆ ಏನೋ ನಡೆಯುತ್ತಿದೆ ಎಂದರ್ಥವೇ?

ಐಎಲ್-6 ಮತ್ತು ಸಿಆರ್‌ಪಿ ಎರಡನ್ನೂ ಜೊತೆಗಿಟ್ಟು ನೋಡಿದರೆ ಹಾಗನ್ನಿಸುವುದಿಲ್ಲ.

ಸೈಟೊಕೈನ್‌ಗಳೆಂದರೆ ರೋಗನಿರೋಧಕ ಕಣಗಳು ಒಂದಕ್ಕೊಂದು ಕಳಿಸುವ ಸಂದೇಶದ ಪ್ರೋಟೀನುಗಳು. ಅವುಗಳ ವ್ಯವಹಾರ ಬಹುಪಾಲು ನೆರೆಹೊರೆಯಲ್ಲೇ ಮುಗಿಯುತ್ತದೆ: ಊದಿದ ಕೀಲಿನೊಳಗೆ, ಸೋಂಕು ತಗುಲಿದ ಶ್ವಾಸಕೋಶದ ಒಂದು ಮೂಲೆಯಲ್ಲಿ. ಅಲ್ಲಿಂದ ಸೋರಿ ರಕ್ತಕ್ಕೆ ಬಂದಷ್ಟು ಮಾತ್ರ ನಮ್ಮ ಅಳತೆಗೆ ಸಿಗುವುದು. ಅದೂ ಬೇಗ ಕರಗಿಹೋಗುತ್ತದೆ. ಟಿಎನ್‌ಎಫ್ ಅಂತೂ ನಿಮಿಷಗಳ ಲೆಕ್ಕದಲ್ಲಿ ಅರ್ಧಕ್ಕಿಳಿಯುತ್ತದೆ. ಹಾಗಾಗಿ ‘ಟಿಎನ್‌ಎಫ್ ನಾರ್ಮಲ್’ ಎಂಬ ಸಾಲಿಗೆ ನಾವು ಹೆಚ್ಚು ಬೆಲೆ ಕೊಡುವುದಿಲ್ಲ. ಕೀಲಿನ ತುಂಬ ಟಿಎನ್‌ಎಫ್ ಇರುವ ರುಮಟಾಯ್ಡ್ ಆರ್ಥ್ರೈಟಿಸ್ (ಕೀಲುಗಳ ಉರಿಯೂತ) ರೋಗಿಯ ರಕ್ತದಲ್ಲೂ ಅದು ಸಿಗದೇ ಹೋಗಬಹುದು. ಟಿಎನ್‌ಎಫ್ ತಡೆಯುವ ಔಷಧ ಯಾರಿಗೆ ಕೊಡಬೇಕೆಂದು ವೈದ್ಯರು ರಕ್ತದ ಟಿಎನ್‌ಎಫ್ ನೋಡಿ ನಿರ್ಧರಿಸುವುದಿಲ್ಲ.

ಇನ್ನು ನಿಮ್ಮ 11. ಒಂದು ಪಿಕೊಗ್ರಾಂ ಎಂದರೆ ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲು. ನಿಮ್ಮ ಐಎಲ್-6 ಒಂದು ಮಿಲಿಲೀಟರಿಗೆ 11 ಪಿಕೊಗ್ರಾಂ. ನಿಮ್ಮ ಸಿಆರ್‌ಪಿ ಲೀಟರಿಗೆ 2 ಮಿಲಿಗ್ರಾಂ, ಎಂದರೆ ಅದೇ ಮಿಲಿಲೀಟರಿನಲ್ಲಿ 20 ಲಕ್ಷ ಪಿಕೊಗ್ರಾಂ. ಇಷ್ಟು ಕಡಿಮೆ ಇರುವ ವಸ್ತುವಿನಲ್ಲಿ 4 ಪಿಕೊಗ್ರಾಮಿನ ಏರುಪೇರಿಗೆ ರೋಗವೇ ಬೇಕಿಲ್ಲ. ಹಿಂದಿನ ದಿನ ಬೆವರಿಳಿಸಿ ವ್ಯಾಯಾಮ ಮಾಡಿದ್ದರೆ ಸಾಕು, ನಿದ್ದೆ ಕೆಟ್ಟಿದ್ದರೂ ಸಾಕು. ದೀರ್ಘ ಓಟ ಮುಗಿಸಿದವರಲ್ಲಿ ಐಎಲ್-6 ಹತ್ತಾರು ಪಟ್ಟು ಏರಿ, ಬೇಗನೇ ಇಳಿಯುತ್ತದೆ. ಸಂಕುಚಿಸುವ ಸ್ನಾಯುವೇ ಅದನ್ನು ಬಿಡುಗಡೆ ಮಾಡುತ್ತದೆ. ಮೈಯಲ್ಲಿ ಕೊಬ್ಬು ಹೆಚ್ಚಿದ್ದವರಲ್ಲಿ ಸದಾ ತುಸು ಮೇಲೆಯೇ ಇರುತ್ತದೆ. ದಿನದ ಹೊತ್ತಿಗೆ ತಕ್ಕಂತೆಯೂ ಏರಿಳಿಯುತ್ತದೆ. ತೀವ್ರ ಸೆಪ್ಸಿಸ್‌ನಲ್ಲಿ (ಸೋಂಕಿಗೆ ಇಡೀ ದೇಹ ಕೆರಳಿ ಜೀವಕ್ಕೇ ಅಪಾಯವಾಗುವ ಸ್ಥಿತಿ) ಇದೇ ಅಂಕಿ ಸಾವಿರಗಳಿಗೆ ಹೋಗುವುದುಂಟು ಎಂದು ನೆನಪಿಟ್ಟರೆ 11ರ ತೂಕ ಎಷ್ಟೆಂದು ತಿಳಿಯುತ್ತದೆ.

ಸಿಆರ್‌ಪಿ ಇಲ್ಲಿ ಸಾಕ್ಷಿ. ಯಕೃತ್ತು ಸಿಆರ್‌ಪಿ ತಯಾರಿಸುವುದೇ ಮುಖ್ಯವಾಗಿ ಐಎಲ್-6ರ ಆದೇಶದ ಮೇಲೆ. ಐಎಲ್-6 ದಿನಗಟ್ಟಲೆ ನಿಜವಾಗಿ ಹೆಚ್ಚಿದ್ದರೆ ಯಕೃತ್ತು ಸುಮ್ಮನಿರುತ್ತಿರಲಿಲ್ಲ. ಕೂಗಿದ್ದು ಕೇಳಿಸದಿದ್ದರೂ ಪ್ರತಿಧ್ವನಿ ಕೇಳಿಸುತ್ತದೆ. ನಿಮ್ಮಲ್ಲಿ ಪ್ರತಿಧ್ವನಿ ಇಲ್ಲ.

ಮನಸ್ಸಿಗೆ ಸಮಾಧಾನ ಬೇಕೆಂದರೆ ಎರಡು ವಾರ ಬಿಟ್ಟು, ಅದೇ ಲ್ಯಾಬಿನಲ್ಲಿ, ಬೆಳಗಿನ ಹೊತ್ತು ಮತ್ತೊಮ್ಮೆ ಮಾಡಿಸಿ. ಮೂರು ದಿನ ಕಠಿಣ ವ್ಯಾಯಾಮ ಬೇಡ. ನೆಗಡಿ, ಹಲ್ಲಿನ ಸೋಂಕು ಇದ್ದರೆ ಅಥವಾ ಈಚೆಗೆ ಲಸಿಕೆ ಪಡೆದಿದ್ದರೆ ಮುಂದೂಡಿ. ಆದರೆ ತಿಂಗಳ ಸುಸ್ತಿಗೆ ಕಾರಣ ಹುಡುಕಲು ಇದು ದಾರಿಯಲ್ಲ. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆಗಳು ಆಗಿವೆಯೇ? ಆಗಿಲ್ಲದಿದ್ದರೆ ಅಲ್ಲಿಂದ ಶುರು ಮಾಡಬೇಕು.

ಪ್ರಶ್ನೆ: ತಾಯಿಗೆ 70 ವರ್ಷ. ನ್ಯುಮೋನಿಯಾ ವಾಸಿಯಾಗಿ ಹತ್ತು ದಿನವಾಯಿತು. ಸಿಆರ್‌ಪಿ 140ರಿಂದ 6ಕ್ಕೆ ಇಳಿದಿದೆ, ಇಎಸ್‌ಆರ್ ಮಾತ್ರ ಇನ್ನೂ 62. ಯಾವುದನ್ನು ನಂಬಬೇಕು?

ಎರಡೂ ಸರಿ. ಎರಡರ ಗಡಿಯಾರ ಬೇರೆ, ಅಷ್ಟೇ.

ಸಿಆರ್‌ಪಿ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 19 ಗಂಟೆ ಬೇಕು, ಮತ್ತು ರೋಗ ಯಾವುದೇ ಇರಲಿ ಈ ವೇಗ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಅದರ ಮಟ್ಟವನ್ನು ನಿರ್ಧರಿಸುವುದು ಯಕೃತ್ತಿನ ಉತ್ಪಾದನೆ ಮಾತ್ರ. ಉತ್ಪಾದನೆ ಪೂರ್ತಿ ನಿಂತರೆ 140 ಇದ್ದದ್ದು 70, 35, 17, 9, 4 ಹೀಗೆ ನಾಲ್ಕು ದಿನದಲ್ಲಿ ಇಳಿಯುತ್ತದೆ. ಚಿಕಿತ್ಸೆ ನಾಟುತ್ತಿದೆಯೇ ಎಂದು ನೋಡಲು ಇದಕ್ಕಿಂತ ಸರಳವಾದ ಪರೀಕ್ಷೆ ಕಡಿಮೆ.

ಇಎಸ್‌ಆರ್ ಒಂದು ವಸ್ತುವಿನ ಅಳತೆಯೇ ಅಲ್ಲ. ನಿಲ್ಲಿಸಿದ ಕೊಳವೆಯಲ್ಲಿ ಕೆಂಪು ಕಣಗಳು ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರ್ ಕೆಳಗಿಳಿದವು ಎಂಬುದಷ್ಟೇ. ಫೈಬ್ರಿನೊಜನ್, ಇಮ್ಯುನೊಗ್ಲಾಬ್ಯುಲಿನ್ ಹೆಚ್ಚಿದ್ದರೆ ಕಣಗಳು ನಾಣ್ಯ ಜೋಡಿಸಿಟ್ಟಂತೆ ಒಂದರ ಮೇಲೊಂದು ಅಂಟಿಕೊಂಡು ಬೇಗ ಕುಸಿಯುತ್ತವೆ. ಫೈಬ್ರಿನೊಜನ್ ಅರ್ಧಕ್ಕಿಳಿಯಲು ನಾಲ್ಕು ದಿನದಷ್ಟು ಬೇಕು, ಐಜಿಜಿ ಎಂಬ ಪ್ರತಿಕಾಯಕ್ಕೆ ಸುಮಾರು ಮೂರು ವಾರ. ಸೋಂಕು ಹೋದರೂ ಅವು ಹೋಗಿರುವುದಿಲ್ಲ. ಜೊತೆಗೆ ರಕ್ತಹೀನತೆ ಇದ್ದರೆ ಕಣಗಳ ದಟ್ಟಣೆ ಕಡಿಮೆಯಾಗಿ ಇಎಸ್‌ಆರ್ ತಾನಾಗಿ ಏರುತ್ತದೆ. ದೊಡ್ಡ ಕಾಯಿಲೆಯಿಂದ ಎದ್ದವರಲ್ಲಿ ಅದು ಸಾಮಾನ್ಯ.

ವಯಸ್ಸಿನ ಲೆಕ್ಕವೂ ಇದೆ. ಒರಟು ಸೂತ್ರವೊಂದು ಬಳಕೆಯಲ್ಲಿದೆ: ಗಂಡಸರಿಗೆ ವಯಸ್ಸಿನ ಅರ್ಧ, ಹೆಂಗಸರಿಗೆ ವಯಸ್ಸಿಗೆ 10 ಕೂಡಿಸಿ ಅರ್ಧ. ನಿಮ್ಮ ತಾಯಿಗೆ 40ರವರೆಗೂ ಒಪ್ಪಬಹುದು. 62ಕ್ಕೆ ಈಗ ಹೆದರಬೇಕಿಲ್ಲ. ನಾಲ್ಕೈದು ವಾರ ಬಿಟ್ಟು ಹಿಮೋಗ್ಲೋಬಿನ್ ಜೊತೆ ಮತ್ತೆ ನೋಡಿ. ಆಗಲೂ ಇಳಿಯದಿದ್ದರೆ, ಅಥವಾ ಹೊಸದಾಗಿ ತಲೆನೋವು, ಅಗಿಯುವಾಗ ದವಡೆ ನೋವು, ಬೆಳಗ್ಗೆ ಭುಜ ಎತ್ತಲಾಗದಂಥ ಬಿಗಿತ ಕಂಡರೆ ವೈದ್ಯರಿಗೆ ತಡಮಾಡದೆ ತಿಳಿಸಿ. ಈ ವಯಸ್ಸಿನಲ್ಲಿ ಅಪಧಮನಿಗಳ ಉರಿಯೂತ ಹಾಗೆ ಕಾಣಿಸಿಕೊಳ್ಳುತ್ತದೆ. ನಿರ್ಲಕ್ಷಿಸಿದರೆ ಕಣ್ಣಿಗೇ ಕುತ್ತು.

ಒಂದು ಮಾತು ಹೆಚ್ಚುವರಿ: ಇಎಸ್‌ಆರ್ ಅಳೆಯುವ ವೆಸ್ಟರ್‌ಗ್ರೆನ್ ಕೊಳವೆ ನೆಟ್ಟಗೆ ನಿಂತಿರಬೇಕು. ಬರೀ 3 ಡಿಗ್ರಿ ವಾಲಿದರೂ ಇಎಸ್‌ಆರ್ ಶೇ 30ರಷ್ಟು ಹೆಚ್ಚು ತೋರಿಸಬಹುದು. ಸೆಂಟ್ರಿಫ್ಯೂಜ್ ಅದುರುವ ಮೇಜಿನ ಮೇಲೇ ಇಎಸ್‌ಆರ್ ಸ್ಟ್ಯಾಂಡ್ ಇಟ್ಟಿರುವ ಲ್ಯಾಬಿನ ಅಂಕಿಯನ್ನು ಅನುಮಾನದಿಂದಲೇ ನೋಡಬೇಕು.

ಪ್ರಶ್ನೆ: ಒಂದು ಲ್ಯಾಬಿನಲ್ಲಿ ಸಿಆರ್‌ಪಿ 0.8, ಮರುದಿನ ಇನ್ನೊಂದರಲ್ಲಿ 8. ಒಂದೇ ದಿನಕ್ಕೆ ಹತ್ತು ಪಟ್ಟೇ?

ಅಂಕಿಯ ಪಕ್ಕದ ಸಣ್ಣಕ್ಷರ ಓದಿ. ಮೊದಲನೆಯದು ಡೆಸಿಲೀಟರಿಗೆ ಮಿಲಿಗ್ರಾಂ, ಎರಡನೆಯದು ಲೀಟರಿಗೆ ಮಿಲಿಗ್ರಾಂ ಇರುತ್ತದೆ. ಎರಡೂ ಒಂದೇ. ‘ಹೈ ಸೆನ್ಸಿಟಿವಿಟಿ ಸಿಆರ್‌ಪಿ’ ಕೂಡ ಬೇರೆ ವಸ್ತುವಲ್ಲ, ಅದೇ ಪ್ರೋಟೀನನ್ನು ತೀರಾ ಕಡಿಮೆ ಮಟ್ಟದಲ್ಲೂ ಅಳೆಯಬಲ್ಲ ವಿಧಾನ. ಹೃದಯದ ಅಪಾಯ ಅಂದಾಜಿಸಲು ಲೀಟರಿಗೆ 1 ಮಿಲಿಗ್ರಾಮಿಗಿಂತ ಕಡಿಮೆ, 1ರಿಂದ 3, 3ಕ್ಕಿಂತ ಹೆಚ್ಚು ಎಂದು ಮೂರು ಮೆಟ್ಟಿಲು ಮಾಡಿದ್ದಾರೆ. 10 ದಾಟಿದರೆ ಹೃದಯದ ಲೆಕ್ಕಕ್ಕೆ ಅದನ್ನು ತೆಗೆದುಕೊಳ್ಳಬಾರದು. ಎಲ್ಲೋ ಸೋಂಕೋ ಗಾಯವೋ ಇದೆ, ಅದು ಮಾಗಿದ ಮೇಲೆ ಮತ್ತೆ ಮಾಡಿಸಬೇಕು. ಬಾಯಿ ಮೂಲಕ ತೆಗೆದುಕೊಳ್ಳುವ ಈಸ್ಟ್ರೊಜನ್ ಮಾತ್ರೆ ಇದನ್ನು ಏರಿಸುತ್ತದೆ, ಸ್ಟ್ಯಾಟಿನ್ ಇಳಿಸುತ್ತದೆ.

ಪ್ರಶ್ನೆ: ನಾನು ಸಣ್ಣ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದೇನೆ. ಐಎಲ್-6 ಸ್ಯಾಂಪಲ್ಲುಗಳನ್ನು ದೊಡ್ಡ ಲ್ಯಾಬಿಗೆ ಕಳಿಸುತ್ತೇವೆ. ಅಲ್ಲಿಂದ ‘ಸ್ಯಾಂಪಲ್ ಸರಿಯಿಲ್ಲ’ ಎಂದು ಮತ್ತೆ ಮತ್ತೆ ವಾಪಸ್ ಬರುತ್ತಿದೆ. ಎಲ್ಲಿ ತಪ್ಪುತ್ತಿದ್ದೇವೆ?

ಬಹುಶಃ ಸೂಜಿ ತೆಗೆದ ಮೇಲಿನ ಎರಡು ಗಂಟೆಗಳಲ್ಲಿ. ಸಕ್ಕರೆ, ಕೊಲೆಸ್ಟೆರಾಲ್ ಪರೀಕ್ಷೆಗೆ ಒಗ್ಗಿದ ಕೈಗೆ ಇದು ಹೊಳೆಯುವುದಿಲ್ಲ: ಟ್ಯೂಬಿನೊಳಗಿನ ಬಿಳಿ ರಕ್ತಕಣಗಳು ಇನ್ನೂ ಜೀವಂತವಾಗಿವೆ. ಗಾಜು, ಪ್ಲಾಸ್ಟಿಕ್ ಸೋಕಿ ಕೆರಳಿದ ಮಾನೊಸೈಟ್‌ಗಳು ಐಎಲ್-6, ಐಎಲ್-8, ಟಿಎನ್‌ಎಫ್ ಸುರಿಸುತ್ತಾ ಹೋಗುತ್ತವೆ. ರಕ್ತವನ್ನು ಹಾಗೇ ಮೇಜಿನ ಮೇಲೆ ಬಿಟ್ಟರೆ ಸಂಜೆಗೆ ಅಳೆಯುವುದು ರೋಗಿಯ ಸೈಟೊಕೈನನ್ನಲ್ಲ, ಟ್ಯೂಬಿನದನ್ನು.

ಕಳಿಸುವ ಲ್ಯಾಬ್ ಯಾವ ಟ್ಯೂಬ್ ಕೇಳುತ್ತದೋ ಅದೇ ಕೊಡಬೇಕು. ಆಯ್ಕೆ ನಿಮ್ಮದಾದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್ ಮೇಲು. ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ) ಆದರೆ ಹೆಪ್ಪುಗಟ್ಟಲು ಅರ್ಧ ಗಂಟೆಯಾದರೂ ಕಾಯಬೇಕು, ಅಷ್ಟರಲ್ಲಿ ಪ್ಲೇಟ್‌ಲೆಟ್‌ಗಳು ಒಡೆದು ತಮ್ಮಲ್ಲಿರುವ ವಿಇಜಿಎಫ್, ಟಿಜಿಎಫ್-ಬೀಟಾ ಎಂಬ ಸಂದೇಶದ ಪ್ರೋಟೀನುಗಳನ್ನು ಚೆಲ್ಲುತ್ತವೆ. ಐಎಲ್-6ಕ್ಕೆ ಇದರಿಂದ ಹೆಚ್ಚು ತೊಂದರೆಯಿಲ್ಲ. ಆ ಎರಡಕ್ಕೆ ಮಾತ್ರ ಸೀರಂ ಅಂಕಿ ಏನೇನೂ ನಂಬಲಾಗದು.

ಹಲವು ಟ್ಯೂಬ್ ತೆಗೆಯುವಾಗ ಕ್ರಮ ಗೊತ್ತೇ ಇದೆ: ಬ್ಲಡ್ ಕಲ್ಚರ್ ಮೊದಲು, ಆಮೇಲೆ ನೀಲಿ, ಕೆಂಪು ಅಥವಾ ಹಳದಿ, ಹಸಿರು, ನೇರಳೆ, ಕೊನೆಗೆ ಬೂದು. ಗೆರೆಯವರೆಗೆ ತುಂಬಿ, 8–10 ಸಲ ಮೆಲ್ಲಗೆ ಬುಡಮೇಲು ಮಾಡಿ. ಕುಲುಕಬಾರದು. ಒಂದು ಗಂಟೆಯೊಳಗೆ ಸೆಂಟ್ರಿಫ್ಯೂಜಿಗೆ ಹೋಗಬೇಕು, 1,000ದಿಂದ 2,000 ಜಿ, 10–15 ನಿಮಿಷ. ಇಲ್ಲಿ ಬಹಳ ಜನ ಎಡವುತ್ತಾರೆ. ‘ಜಿ’ (ಬಲ ಗುರುತ್ವದ ಎಷ್ಟು ಪಟ್ಟು) ಮತ್ತು ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಒಂದಲ್ಲ. ರೋಟರಿನ ತ್ರಿಜ್ಯ ಸೆಂಟಿಮೀಟರಿನಲ್ಲಿ ಅಳೆದು, ಅದನ್ನು ಆರ್‌ಪಿಎಂನ ವರ್ಗದಿಂದಲೂ 0.00001118ರಿಂದಲೂ ಗುಣಿಸಿದರೆ ‘ಜಿ’ ಸಿಗುತ್ತದೆ. 10 ಸೆಂಟಿಮೀಟರಿನ ರೋಟರ್ 3,000 ಆರ್‌ಪಿಎಂನಲ್ಲಿ ಕೊಡುವುದು ಸುಮಾರು 1,000 ಜಿ. 15 ಸೆಂಟಿಮೀಟರಿನದಾದರೆ ಅದೇ ವೇಗಕ್ಕೆ 1,500. ಒಮ್ಮೆ ಲೆಕ್ಕ ಹಾಕಿ ಯಂತ್ರದ ಮೇಲೇ ಅಂಟಿಸಿಬಿಡಿ.

ಈಗ ಪಿಪೆಟ್. ಟ್ಯೂಬಿನಲ್ಲಿ ಮೇಲೆ ಹೊಂಬಣ್ಣದ ಪ್ಲಾಸ್ಮಾ, ಕೆಳಗೆ ಕೆಂಪು, ನಡುವೆ ಬೂದು-ಬಿಳಿಯ ತೆಳು ಪೊರೆ ಕಾಣುತ್ತದೆ. ಆ ಪೊರೆಯೇ ಬಿಳಿ ಕಣಗಳ ತಾಣ. ಎಷ್ಟು ಸಿಕ್ಕರೆ ಅಷ್ಟು ಎಂಬ ಆಸೆಗೆ ಪೊರೆಯನ್ನು ಎಳೆದುಕೊಂಡರೆ ಇಷ್ಟು ಹೊತ್ತಿನ ಶ್ರಮ ನೀರುಪಾಲು. ಪೊರೆಗೆ ತಾಗಿ ಅದರ ಮೇಲಿರುವ ಅರ್ಧ ಸೆಂಟಿಮೀಟರ್ ಪ್ಲಾಸ್ಮಾ ಅಲ್ಲೇ ಬಿಡಿ. ತೆಗೆದದ್ದನ್ನು ಅರ್ಧರ್ಧ ಮಿಲಿಲೀಟರಿನ ಸಣ್ಣ ಟ್ಯೂಬುಗಳಿಗೆ ಹಂಚಿ −80 ಡಿಗ್ರಿಯಲ್ಲಿಡಬೇಕು. −20 ಕೆಲವು ದಿನಕ್ಕೆ ನಡೆದೀತು, ಆದರೆ ಮಂಜು ತಾನೇ ಕರಗಿಸಿಕೊಳ್ಳುವ ಮನೆಬಳಕೆಯ ಫ್ರೀಜರ್ ಬೇಡ. ಅದು ಆಗಾಗ ಬಿಸಿಯಾಗಿ ಮತ್ತೆ ತಣಿಯುತ್ತದೆ. ಹೆಪ್ಪುಗಟ್ಟಿಸಿ ಕರಗಿಸುವುದು ಒಂದೇ ಸಲ ಆಗಲಿ ಎಂದೇ ಹಂಚಿಡುವುದು. ಇಡೀ ರಕ್ತವನ್ನಂತೂ ಯಾವತ್ತೂ ಫ್ರೀಜರಿಗಿಡಬೇಡಿ, ಕಣಗಳೆಲ್ಲ ಒಡೆದು ಕೆಂಪು ನೀರಾಗುತ್ತದೆ. ಸಾಗಿಸುವುದು ಡ್ರೈ ಐಸ್‌ನಲ್ಲಿ.

ರಕ್ತ ತೆಗೆದ ಸಮಯ, ಪ್ಲಾಸ್ಮಾ ಫ್ರೀಜರಿಗಿಟ್ಟ ಸಮಯ ಎರಡನ್ನೂ ಲೇಬಲ್ಲಿನ ಮೇಲೆ ಬರೆಯಿರಿ. ಎರಡರ ನಡುವೆ ಎರಡು ಗಂಟೆಗಿಂತ ಹೆಚ್ಚಿದ್ದರೆ ಕಳಿಸದೆ ಹೊಸದಾಗಿ ತೆಗೆಯುವುದೇ ಪ್ರಾಮಾಣಿಕ ಕೆಲಸ.

ಪ್ರಶ್ನೆ: ಎರಡು ಲ್ಯಾಬಿನ ಐಎಲ್-6 ಅಂಕಿಗಳು ತಾಳೆಯಾಗುತ್ತಿಲ್ಲ. ನನಗೆ ರುಮಟಾಯ್ಡ್ ಆರ್ಥ್ರೈಟಿಸ್ ಇದೆ. ಕೂದಲಿಗೆಂದು ದಿನಾ 10 ಮಿಲಿಗ್ರಾಂ ಬಯೋಟಿನ್ ತೆಗೆದುಕೊಳ್ಳುತ್ತೇನೆ. ಅದರಿಂದ ಆಗಿರಬಹುದೇ?

ಎರಡೂ ಕಾರಣ ಆಗಿರಬಹುದು, ಅದೂ ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ.

ಈ ಪರೀಕ್ಷೆಯಲ್ಲಿ ಐಎಲ್-6 ಅನ್ನು ಎರಡು ಪ್ರತಿಕಾಯಗಳ ನಡುವೆ ಹಿಡಿಯುತ್ತಾರೆ. ಒಂದು ಬುಡಕ್ಕೆ ಅಂಟಿ ಹಿಡಿಯುತ್ತದೆ, ಇನ್ನೊಂದು ಮೇಲೆ ಕೂತು ಬಣ್ಣವನ್ನೋ ಬೆಳಕನ್ನೋ ಕೊಡುತ್ತದೆ. ನಡುವೆ ಐಎಲ್-6 ಇದ್ದಷ್ಟೂ ಸಂಕೇತ ಹೆಚ್ಚು. ರುಮಟಾಯ್ಡ್ ಫ್ಯಾಕ್ಟರ್ ಎಂಬುದು ಪ್ರತಿಕಾಯಗಳಿಗೇ ಅಂಟುವ ಪ್ರತಿಕಾಯ. ಐಎಲ್-6 ಇಲ್ಲದೆಯೂ ಅದು ಆ ಎರಡನ್ನು ಸೇರಿಸಿ, ಸುಳ್ಳು ಏರಿಕೆ ತೋರಿಸಬಲ್ಲದು. ಅನುಮಾನವಿದ್ದರೆ ಸ್ಯಾಂಪಲ್ಲನ್ನು ಎರಡು ಪಟ್ಟು, ನಾಲ್ಕು ಪಟ್ಟು ತೆಳುಮಾಡಿ ಅಳೆಯಿರೆಂದು ಲ್ಯಾಬನ್ನು ಕೇಳಬಹುದು. ನಿಜವಾದ ಐಎಲ್-6 ಆದರೆ 40, 20, 10 ಎಂದು ಲೆಕ್ಕದಂತೆ ಇಳಿಯುತ್ತದೆ. ಸುಳ್ಳಾದರೆ ಲೆಕ್ಕ ತಪ್ಪುತ್ತದೆ.

ಬಯೋಟಿನ್ ಮಾಡುವುದು ತಿರುಗಾಮುರುಗ. ಹಲವು ಯಂತ್ರಗಳು ಪ್ರತಿಕಾಯವನ್ನು ಬಯೋಟಿನ್ ಮತ್ತು ಅದಕ್ಕೆ ಬಿಗಿಯಾಗಿ ಅಂಟುವ ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನಿನ ಕೊಂಡಿಯಿಂದ ಹಿಡಿದಿಡುತ್ತವೆ. ರಕ್ತದಲ್ಲಿ ತೇಲುವ ಬಯೋಟಿನ್ ಆ ಜಾಗಗಳನ್ನು ಮೊದಲೇ ಆಕ್ರಮಿಸಿದರೆ ಅಂಕಿ ಸುಳ್ಳಾಗಿ ಇಳಿಯುತ್ತದೆ. ದಿನಕ್ಕೆ ದೇಹಕ್ಕೆ ಸಾಕಾಗುವುದು ಸುಮಾರು 30 ಮೈಕ್ರೊಗ್ರಾಂ. ನೀವು ತೆಗೆದುಕೊಳ್ಳುವುದು ಅದರ ಮುನ್ನೂರು ಪಟ್ಟಿಗೂ ಹೆಚ್ಚು. ಪರೀಕ್ಷೆಗೆ ಮೂರು ದಿನ ಮೊದಲೇ ನಿಲ್ಲಿಸಿ, ಮತ್ತು ಯಾವ ರಕ್ತಪರೀಕ್ಷೆಗೆ ಹೋದರೂ ಹೇಳಿ. ಹೃದಯಾಘಾತ ಪತ್ತೆಹಚ್ಚುವ ಟ್ರೊಪೊನಿನ್ ಕೂಡ ಇದೇ ಕಾರಣಕ್ಕೆ ಸುಳ್ಳಾಗಿ ಕಡಿಮೆ ಬಂದದ್ದಿದೆ; ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಈ ಬಗ್ಗೆ ಎಚ್ಚರಿಸಿತ್ತು.

ಇವೆರಡೂ ಇಲ್ಲದಿದ್ದರೂ ಬೇರೆ ಬೇರೆ ಕಂಪನಿಯ ಕಿಟ್‌ಗಳ ಸೈಟೊಕೈನ್ ಅಂಕಿಗಳು ಕೂಡಿಬರಬೇಕೆಂದೇನಿಲ್ಲ. ಏರಿಳಿತ ನೋಡಬೇಕಿದ್ದರೆ ಒಂದೇ ಲ್ಯಾಬನ್ನು ಹಿಡಿದುಕೊಳ್ಳಿ.

ಪ್ರಶ್ನೆ: ಕೀಲುಗಳ ಉರಿಯೂತಕ್ಕೆ ಟೋಸಿಲಿಜುಮ್ಯಾಬ್ ಎಂಬ ಔಷಧ ಶುರುವಾದ ಮೇಲೆ ಐಎಲ್-6 9ರಿಂದ 80ಕ್ಕೆ ಏರಿದೆ. ಕೀಲುನೋವು ಕಡಿಮೆಯಾಗಿದೆ, ಸಿಆರ್‌ಪಿ 0.3. ಔಷಧ ಕೆಲಸ ಮಾಡುತ್ತಿಲ್ಲವೇ?

ಮಾಡುತ್ತಿದೆ. ಈ ಔಷಧ ಹಿಡಿಯುವುದು ಐಎಲ್-6 ಅನ್ನಲ್ಲ, ಅದು ಕೂರುವ ರಿಸೆಪ್ಟರನ್ನು. ಐಎಲ್-6 ರಕ್ತದಿಂದ ಖಾಲಿಯಾಗುವುದೂ ಬಹುಪಾಲು ಅದೇ ರಿಸೆಪ್ಟರಿನ ಮೂಲಕ. ಬಾಗಿಲು ಮುಚ್ಚಿದ್ದರಿಂದ ಹೊರಗೆ ಸಾಲು ಬೆಳೆದಿದೆ, ಒಳಗೆ ಯಾರೂ ಹೋಗುತ್ತಿಲ್ಲ. ಈ ಔಷಧದ ಮೇಲಿರುವಾಗ ಐಎಲ್-6 ಅಳೆಯುವುದರಿಂದ ಏನೂ ಪ್ರಯೋಜನವಿಲ್ಲ.

ನಿಜವಾಗಿ ಎಚ್ಚರ ಬೇಕಿರುವುದು ಆ 0.3ರ ಬಗ್ಗೆ. ಯಕೃತ್ತಿಗೆ ಐಎಲ್-6ರ ಆದೇಶ ತಲುಪದಿರುವುದರಿಂದ, ನಾಳೆ ನಿಮಗೆ ನ್ಯುಮೋನಿಯಾ ಬಂದರೂ ಸಿಆರ್‌ಪಿ ಏರದೇ ಇರಬಹುದು, ಜ್ವರವೂ ಮಂಕಾಗಿರಬಹುದು. ಕೆಮ್ಮು, ಉಸಿರಾಟದ ತೊಂದರೆ, ಹೊಟ್ಟೆನೋವು ಬಂದಾಗ ‘ಸಿಆರ್‌ಪಿ ನಾರ್ಮಲ್’ ಎಂದು ಯಾರೂ ನಿಮ್ಮನ್ನು ಮನೆಗೆ ಕಳಿಸದಂತೆ ಈ ಔಷಧದ ಹೆಸರನ್ನು ಮೊದಲೇ ಹೇಳಿ. ಹೊಟ್ಟೆನೋವನ್ನಂತೂ ಹಗುರವಾಗಿ ತೆಗೆದುಕೊಳ್ಳಬೇಡಿ. ಕರುಳು ತೂತಾಗುವುದು ಈ ಔಷಧದ ಅಪರೂಪದ, ಆದರೆ ದಾಖಲಾದ ಅಪಾಯ.

ಪ್ರಶ್ನೆ: ಲೂಪಸ್ ಉಲ್ಬಣಿಸಿದೆ ಎನ್ನುತ್ತಾರೆ, ಆದರೆ ಸಿಆರ್‌ಪಿ 4. ಫೆರಿಟಿನ್ 60 ಇದ್ದರೂ ಕಬ್ಬಿಣದ ಕೊರತೆ ಎನ್ನುತ್ತಾರೆ. ಅರ್ಥವಾಗುತ್ತಿಲ್ಲ.

ಲೂಪಸ್‌ನಲ್ಲಿ (ರೋಗನಿರೋಧಕ ವ್ಯವಸ್ಥೆ ಸ್ವಂತ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ) ಹಾಗೆಯೇ: ಇಎಸ್‌ಆರ್ ಏರುತ್ತದೆ, ಸಿಆರ್‌ಪಿ ಹೆಚ್ಚಾಗಿ ಏರುವುದಿಲ್ಲ. ಏರಿದರೆ ಸೋಂಕನ್ನೋ, ಎದೆ ಅಥವಾ ಹೃದಯದ ಪೊರೆಯ ಉರಿಯೂತವನ್ನೋ ಹುಡುಕಬೇಕಾಗುತ್ತದೆ. ಫೆರಿಟಿನ್ ಕಬ್ಬಿಣದ ಉಗ್ರಾಣವಾದರೂ ಉರಿಯೂತದಲ್ಲಿ ತಾನಾಗಿ ಹೆಚ್ಚುತ್ತದೆ. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯವಂತ ವಯಸ್ಕರಿಗೆ ಕೊರತೆಯ ಗಡಿಯನ್ನು ಲೀಟರಿಗೆ 15 ಮೈಕ್ರೊಗ್ರಾಂ ಎಂದಿಟ್ಟು, ಸೋಂಕು ಅಥವಾ ಉರಿಯೂತ ಇದ್ದವರಿಗೆ 70ಕ್ಕೆ ಏರಿಸಿದೆ. ನಿಮ್ಮ 60 ಅದರೊಳಗೆ ಬಂತು. ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನ್ ಎಷ್ಟು ತುಂಬಿದೆ ಎಂಬ ಅಳತೆ) ಕೂಡ ನೋಡಿದರೆ ಇನ್ನಷ್ಟು ಸ್ಪಷ್ಟವಾಗುತ್ತದೆ.

ಪ್ರಶ್ನೆ: ಟಿಎನ್‌ಎಫ್ ತಡೆಯುವ ಇಂಜೆಕ್ಷನ್ ಶುರುಮಾಡುವ ಮೊದಲು ಕ್ಷಯದ ಸೋಂಕು ಅಡಗಿದೆಯೇ ಎಂದು ನೋಡುವ ಟಿಬಿ ಗೋಲ್ಡ್ ರಕ್ತಪರೀಕ್ಷೆ ಮಾಡಿಸಿದರು. ಪಾಸಿಟಿವೂ ಅಲ್ಲ, ನೆಗೆಟಿವೂ ಅಲ್ಲ, ‘ಇಂಡಿಟರ್ಮಿನೇಟ್’ ಎಂದು ಬಂದಿದೆ. ದಿನಕ್ಕೆ 20 ಮಿಲಿಗ್ರಾಂ ಪ್ರೆಡ್ನಿಸೋಲೋನ್ (ಸ್ಟಿರಾಯ್ಡ್ ಮಾತ್ರೆ) ನಡೆಯುತ್ತಿದೆ.

ನಿತ್ಯದ ಚಿಕಿತ್ಸೆಯಲ್ಲಿ ಬಲು ಉಪಯೋಗಕ್ಕೆ ಬರುವ ಸೈಟೊಕೈನ್ ಪರೀಕ್ಷೆ ಇದೇ, ಹಾಗೆಂದು ಯಾರೂ ಕರೆಯದಿದ್ದರೂ. ಐಎಲ್-6ರಲ್ಲಿ ಟ್ಯೂಬಿನೊಳಗೆ ಕಣಗಳು ಸೈಟೊಕೈನ್ ಸುರಿಸಿದರೆ ಅದು ದೋಷ. ಇಲ್ಲಿ ಸುರಿಸಲಿ ಎಂದೇ ಕಾಯುತ್ತೇವೆ.

ನಾಲ್ಕು ಟ್ಯೂಬಿಗೆ ಒಂದೊಂದು ಮಿಲಿಲೀಟರ್ ರಕ್ತ. ಒಂದು ಖಾಲಿ. ಎರಡರಲ್ಲಿ ಕ್ಷಯದ ಬ್ಯಾಕ್ಟೀರಿಯಾದ ಪ್ರೋಟೀನ್ ತುಣುಕುಗಳಿವೆ. ನಾಲ್ಕನೆಯದರಲ್ಲಿ ಮೈಟೊಜನ್, ಯಾವ ಟಿ-ಕಣವನ್ನಾದರೂ (ಒಂದು ಬಗೆಯ ಬಿಳಿ ರಕ್ತಕಣ) ಬಡಿದೆಬ್ಬಿಸುವ ವಸ್ತು. 37 ಡಿಗ್ರಿಯಲ್ಲಿ 16ರಿಂದ 24 ಗಂಟೆ ಇಟ್ಟು, ಆ ಕಣಗಳು ಬಿಡುವ ಇಂಟರ್‌ಫೆರಾನ್-ಗಾಮಾ ಎಂಬ ಸೈಟೊಕೈನನ್ನು ಅಳೆಯುತ್ತಾರೆ. ಕ್ಷಯದ ಟ್ಯೂಬಿನಿಂದ ಖಾಲಿಯದನ್ನು ಕಳೆದಾಗ 0.35 ಅಂತರರಾಷ್ಟ್ರೀಯ ಯೂನಿಟ್ ಅಥವಾ ಹೆಚ್ಚು, ಜೊತೆಗೆ ಖಾಲಿ ಟ್ಯೂಬಿನ ಶೇ 25ರಷ್ಟಾದರೂ ಇದ್ದರೆ ಪಾಸಿಟಿವ್.

ಕ್ಷಯದ ಟ್ಯೂಬುಗಳು ಸುಮ್ಮನಿದ್ದು ಮೈಟೊಜನ್ ಟ್ಯೂಬಿನಲ್ಲೂ 0.5 ದಾಟದಿದ್ದರೆ, ಕಣಗಳು ಸೋಂಕನ್ನು ಅರಿಯವೋ ಅಥವಾ ಏಳಲಾರದಷ್ಟು ಮಂಪರಿನಲ್ಲಿವೆಯೋ ಹೇಳಲಾಗುವುದಿಲ್ಲ. ನಿಮ್ಮ ಪ್ರೆಡ್ನಿಸೋಲೋನ್ ಹೀಗೆ ಮಂಪರು ಹಿಡಿಸುತ್ತದೆ. ಆದರೆ ಲ್ಯಾಬಿನ ತಪ್ಪೂ ಇರಬಹುದು. ಈ ಟ್ಯೂಬುಗಳನ್ನು ಮಾತ್ರ ಮೆಲ್ಲಗಲ್ಲ, ಒಳಗೋಡೆಯ ಲೇಪ ರಕ್ತಕ್ಕೆ ಬೆರೆಯುವಂತೆ ಹತ್ತು ಸಲ ಗಟ್ಟಿಯಾಗಿ ಕುಲುಕಬೇಕು. 16 ಗಂಟೆಯೊಳಗೆ 37 ಡಿಗ್ರಿಗೆ ಸೇರಿಸಬೇಕು. ಕೊರಿಯರಿನಲ್ಲಿ ತಡವಾದ ಟ್ಯೂಬಿನ ಕಣಗಳು ಅಷ್ಟರಲ್ಲಿ ಸೊರಗಿರುತ್ತವೆ. ಇನ್ನೊಂದು ಬಗೆಯ ಇಂಡಿಟರ್ಮಿನೇಟ್ ಇದೆ, ಖಾಲಿ ಟ್ಯೂಬಿನಲ್ಲೇ 8 ದಾಟಿರುವುದು. ರಿಪೋರ್ಟಿನಲ್ಲಿ ನಾಲ್ಕೂ ಟ್ಯೂಬಿನ ಅಂಕಿ ಇಲ್ಲದಿದ್ದರೆ ಕೇಳಿ ಪಡೆಯಿರಿ.

ಪ್ರೆಡ್ನಿಸೋಲೋನನ್ನು ಪರೀಕ್ಷೆಗೋಸ್ಕರ ನೀವಾಗಿ ನಿಲ್ಲಿಸಬೇಡಿ, ಹಠಾತ್ ನಿಲ್ಲಿಸುವುದು ಅಪಾಯ. ಟ್ಯೂಬುಗಳನ್ನು ಅಲ್ಲೇ ಇನ್‌ಕ್ಯುಬೇಟ್ ಮಾಡುವ ಲ್ಯಾಬಿನಲ್ಲಿ ಹೊಸ ರಕ್ತ ಕೊಟ್ಟು ಮತ್ತೊಮ್ಮೆ ಮಾಡಿಸಿ. ಆಗಲೂ ಹಾಗೇ ಬಂದರೆ ಚರ್ಮದ ಟಿಬಿ ಪರೀಕ್ಷೆ, ಎದೆಯ ಎಕ್ಸ್‌ರೇ, ಮನೆಯಲ್ಲಿ ಯಾರಿಗಾದರೂ ಕ್ಷಯ ಇತ್ತೇ ಎಂಬ ವಿಚಾರ ಇವನ್ನೆಲ್ಲ ಸೇರಿಸಿ ನಿಮ್ಮ ವೈದ್ಯರು ತೀರ್ಮಾನಿಸುತ್ತಾರೆ. ಅಲ್ಲಿಯವರೆಗೆ ಇಂಜೆಕ್ಷನ್ ಮುಂದಕ್ಕೆ ಹೋದರೆ ಬೇಸರಿಸಬೇಡಿ: ಒಳಗೆ ಅಡಗಿರುವ ಕ್ಷಯದ ಬ್ಯಾಕ್ಟೀರಿಯಾವನ್ನು ಸುತ್ತುವರಿದು ಹಿಡಿದಿಟ್ಟಿರುವ ಕಣಗಳ ಗೋಡೆಗೆ ಟಿಎನ್‌ಎಫ್ ಬೇಕೇ ಬೇಕು, ಆ ಇಂಜೆಕ್ಷನ್ ತಡೆಯುವುದು ಅದನ್ನೇ.